ಮನೆಯ ಹಳೆ ಕಂಪ್ಯೂಟರ್‌ಗೆ ಯಾವ ಲಿನಕ್ಸ್ ಹಾಕಬೇಕು, ಹೇಗೆ ಹಾಕಬೇಕು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಎಂಬ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್ ಅಥವಾ ಅದರ ಮೇಲಿನದೇ ಆಗಬೇಕು. ಹೀಗಾಗಿ 2017ಕ್ಕೂ ಮುಂಚೆ ಕೊಂಡ ಮನೆ ಕಂಪ್ಯೂಟರ್‌ಗಳು ಬಹುಪಾಲು ಹೊರಗುಳಿದವು. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಮುಂದುವರಿಸುವ ಒಂದು ಯೋಜನೆಯೇನೋ ಬಂತು. ಅದರಿಂದ ಸಿಗುವುದು ಒಂದು ವರ್ಷದ ಸಮಯ ಮಾತ್ರ. ಇತ್ತ ಮೆಷಿನ್ ನೋಡಿದರೆ ಸ್ಕ್ರೀನ್ ಚೆನ್ನಾಗಿದೆ, ಕೀಬೋರ್ಡ್ ಚೆನ್ನಾಗಿದೆ. ಸುಮ್ನೆ ಗುಜರಿಗೆ ಹಾಕೋಕೆ ಮನಸ್ಸು ಬರಲ್ಲ ಅಲ್ವಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಲಿನಕ್ಸ್ ಅಂದರೆ ವಿಂಡೋಸ್ ಜಾಗದಲ್ಲಿ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ (ಒಎಸ್), ಅದರ ಹಲವು ರೂಪಗಳಲ್ಲಿ ಮಿಂಟ್ ಒಂದು. ಮನೆಯಲ್ಲಿ ಬ್ರೌಸರ್, ಯೂಟ್ಯೂಬ್, ವಾಟ್ಸಾಪ್ ವೆಬ್, ಬ್ಯಾಂಕ್ ಕೆಲಸ, ಅರ್ಜಿ ಟೈಪ್ ಮಾಡುವುದು, ಮಕ್ಕಳ ಪ್ರಾಜೆಕ್ಟ್ ಇಷ್ಟೇ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ಜೊತೆಗೆ ಒಂದು ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ, ವೇಗದ ಡಿಸ್ಕ್) ಕೊಳ್ಳಿ. ಹತ್ತರಲ್ಲಿ ಎಂಟು ಮನೆಗೆ ಇಷ್ಟು ಸಾಕು ಅಂತ ನನ್ನ ಅಂದಾಜು. ಉಳಿದವರಿಗೆ ಬೇರೆ ದಾರಿಗಳಿವೆ, ಮುಂದೆ ಹೇಳುತ್ತೇನೆ.

ಯಾರು ವಿಂಡೋಸ್ ಬಿಡಬಾರದು

ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಜಿಎಸ್‌ಟಿಗೋ ಟೆಂಡರ್‌ಗೋ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು, ಫೋಟೊಶಾಪ್ ಇಲ್ಲದೆ ಆಗುವುದೇ ಇಲ್ಲ ಅನ್ನುವವರು ವಿಂಡೋಸ್‌ನಲ್ಲೇ ಇರುವುದು ಒಳ್ಳೆಯದು. ಇವನ್ನು ಲಿನಕ್ಸ್‌ನಲ್ಲಿ ಓಡಿಸಲು ಅಡ್ಡದಾರಿಗಳು ಇವೆ. ಆದರೆ ಮಾರ್ಚ್ ಕೊನೆ ವಾರ ಟೋಕನ್ ಕೆಲಸ ಮಾಡದೆ ಕೈಕೊಟ್ಟರೆ ಆ ಅಡ್ಡದಾರಿ ಯಾರಿಗೆ ಬೇಕು! ಮಕ್ಕಳು ಬರೆಯುವ ಆನ್‌ಲೈನ್ ಪರೀಕ್ಷೆಗೆ ವಿಶೇಷ ಲಾಕ್‌ಡೌನ್ ಬ್ರೌಸರ್ ಬೇಕಿದ್ದರೆ ಅದನ್ನೂ ವಿಚಾರಿಸಿ. ಅಂಥವು ಹೆಚ್ಚಾಗಿ ವಿಂಡೋಸ್ ಮತ್ತು ಮ್ಯಾಕ್‌ಗೆ ಮಾತ್ರ ಇರುತ್ತವೆ.

ಪ್ರಿಂಟರ್ ಯಾವುದು ಅಂತಲೂ ಈಗಲೇ ನೋಡಿಕೊಳ್ಳಿ. ಎಚ್‌ಪಿ ಪ್ರಿಂಟರ್‌ಗಳು ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಲೇಸರ್‌ಜೆಟ್ 1020 ತರಹದ ಹಳೆ ಮಾದರಿಗಳಿಗೆ ಮಾತ್ರ ಒಂದು ಪ್ಲಗಿನ್ ಇಳಿಸಿಕೊಳ್ಳಬೇಕು. ಎಪ್ಸನ್‌ನ ಇಂಕ್ ಟ್ಯಾಂಕ್ ಪ್ರಿಂಟರ್‌ಗಳಿಗೆ ಕಂಪನಿಯೇ ಲಿನಕ್ಸ್ ಡ್ರೈವರ್ ಕೊಡುತ್ತದೆ. ನಮ್ಮಲ್ಲಿ ಮನೆಮನೆಯಲ್ಲೂ ಝೆರಾಕ್ಸ್ ಅಂಗಡಿಗಳಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಸ್ವಲ್ಪ ಹಟಮಾರಿ. ಅದಕ್ಕೆ ಕ್ಯಾಪ್ಟ್ ಅನ್ನುವ ಬೇರೆಯೇ ಡ್ರೈವರ್ ಬೇಕು, ಕೂರಿಸುವುದು ಹೊಸಬರ ಕೆಲಸವಲ್ಲ. ಆ ಪ್ರಿಂಟರ್ ದಿನಾ ಬೇಕು ಅನ್ನುವವರು ವಿಂಡೋಸನ್ನು ಪೂರ್ತಿ ಅಳಿಸಬೇಡಿ.

ಮೆಷಿನ್ ಒಳಗೆ ಏನಿದೆ

ನೋಡಬೇಕಾದದ್ದು ಮೂರೇ: ರ್‍ಯಾಮ್ ಎಷ್ಟು, ಪ್ರೊಸೆಸರ್ 64 ಬಿಟ್ ಹೌದೋ ಅಲ್ಲವೋ, ಡಿಸ್ಕ್ ಯಾವ ಬಗೆಯದು. ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಸಿಸ್ಟಮ್, ಆಮೇಲೆ ಅಬೌಟ್ ಒತ್ತಿದರೆ ಮೊದಲ ಎರಡು ಸಿಗುತ್ತವೆ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ರ್‍ಯಾಮ್ ಕಡಿಮೆ ಇದ್ದ ಕಂಪ್ಯೂಟರ್‌ಗಳಿಗೆ ಅಂಗಡಿಯವರು 32 ಬಿಟ್ ವಿಂಡೋಸ್ ಹಾಕಿ ಕೊಡುತ್ತಿದ್ದರು. ಹಾಗಾಗಿ ಸಿಸ್ಟಮ್ ಟೈಪ್ ಎಂಬಲ್ಲಿ '32 ಬಿಟ್ ಆಪರೇಟಿಂಗ್ ಸಿಸ್ಟಮ್' ಅಂತ ಕಂಡ ಕೂಡಲೇ ಆಸೆ ಬಿಡಬೇಡಿ. ಅದರ ಪಕ್ಕದಲ್ಲೇ ಪ್ರೊಸೆಸರ್ 'ಎಕ್ಸ್64' ಅಂತ ಬರೆದಿದ್ದರೆ ನಿಮ್ಮ ಮೆಷಿನ್ 64 ಬಿಟ್ ಒಎಸ್ ಓಡಿಸಬಲ್ಲದು. ಕೋರ್ 2 ಡ್ಯುಯೊ ಕೂಡ 64 ಬಿಟ್ ಪ್ರೊಸೆಸರೇ. ನಿಜವಾಗಿ 32 ಬಿಟ್ ಅಂದರೆ ಪೆಂಟಿಯಂ 4ರ ಹಳೆ ಮಾದರಿಗಳು, ಆಟಮ್ ಎನ್270 ಇದ್ದ ಪುಟ್ಟ ನೆಟ್‌ಬುಕ್‌ಗಳು, ಅಂಥವು.

ಇನ್ನು ಡಿಸ್ಕ್. ಹಳೆ ಕಂಪ್ಯೂಟರ್ 'ಸ್ಲೋ' ಅಂತ ಬೈಸಿಕೊಳ್ಳುವುದು ಬಹುತೇಕ ತಿರುಗುವ ಹಾರ್ಡ್ ಡಿಸ್ಕ್‌ನಿಂದ. ಅದನ್ನು ಹಾಗೇ ಬಿಟ್ಟು ಒಎಸ್ ಮಾತ್ರ ಬದಲಿಸುವುದು ಅಂದರೆ ಪಂಕ್ಚರ್ ಆದ ಗಾಡಿಗೆ ಬಣ್ಣ ಹೊಡೆಸಿದ ಹಾಗೆ. 240 ಅಥವಾ 256 ಜಿಬಿಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಹಳೆ ಲ್ಯಾಪ್‌ಟಾಪ್‌ಗೂ ಡೆಸ್ಕ್‌ಟಾಪ್‌ಗೂ ಹೊಂದುತ್ತದೆ. ಲ್ಯಾಪ್‌ಟಾಪ್ ಆದರೆ ಕೆಳಗಿನ ನಾಲ್ಕಾರು ಸ್ಕ್ರೂ ಬಿಚ್ಚಿ ಬದಲಿಸುವ ಕೆಲಸ. ಕೈ ನಡುಗಿದರೆ ಊರಿನ ಯಾವ ಸರ್ವೀಸ್ ಅಂಗಡಿಯವರೂ ಮಾಡಿಕೊಡುತ್ತಾರೆ.

ಎಸ್‌ಎಸ್‌ಡಿಯಿಂದ ಇನ್ನೊಂದು ಲಾಭ ಇದೆ, ನನಗೆ ವೇಗಕ್ಕಿಂತ ಅದೇ ದೊಡ್ಡದಾಗಿ ಕಾಣುತ್ತದೆ. ಹಳೆ ಹಾರ್ಡ್ ಡಿಸ್ಕ್ ಅಳಿಸಬೇಕಾಗಿಯೇ ಇಲ್ಲ. ಅದನ್ನು ಬಿಚ್ಚಿ, ಎಸ್‌ಎಸ್‌ಡಿ ಕೂರಿಸಿ, ಹೊಸ ಒಎಸ್ ಹಾಕಿ. ಹಳೆಯದರಲ್ಲಿ ವಿಂಡೋಸ್, ಫೋಟೊ, ಫೈಲು ಎಲ್ಲ ಇದ್ದ ಹಾಗೇ ಇರುತ್ತದೆ. ಒಂದು ಯುಎಸ್‌ಬಿ ಕೇಸ್ ಕೊಂಡು ಅದರೊಳಗೆ ಹಾಕಿದರೆ ಬೇಕಾದಾಗ ತೆರೆದು ನೋಡಬಹುದು. ಲಿನಕ್ಸ್ ಇಷ್ಟವಾಗಲಿಲ್ಲವೇ? ಹಳೆ ಡಿಸ್ಕ್ ವಾಪಸ್ ಸಿಕ್ಕಿಸಿ, ಮೊದಲಿನ ಹಾಗೇ ಇದೆ.

ರ್‍ಯಾಮ್ 4 ಜಿಬಿಗಿಂತ ಕಡಿಮೆ ಇದ್ದರೆ ಸೇರಿಸುವ ದಾರಿ ನೋಡಿ. 8 ಆದರೆ ನಿಶ್ಚಿಂತೆ. ಇಲ್ಲಿ ಹೆಚ್ಚಿನ ಮೆಮೊರಿ ನುಂಗುವುದು ಒಎಸ್ ಅಲ್ಲ, ಬ್ರೌಸರ್. ಹತ್ತು ಟ್ಯಾಬ್ ತೆರೆದರೆ ಯಾವ ಹಗುರ ಲಿನಕ್ಸೂ ಕಾಪಾಡಲ್ಲ. ರ್‍ಯಾಮ್ ಕೊಳ್ಳಲು ಹೋಗುವಾಗ ಹಳೆ ಸ್ಟಿಕ್ ಬಿಚ್ಚಿ ಕೈಯಲ್ಲೇ ಒಯ್ಯಿರಿ, ಬೆಂಗಳೂರಿನ ಎಸ್‌.ಪಿ. ರೋಡಾಗಲಿ, ನಿಮ್ಮೂರಿನ ಅಂಗಡಿಯಾಗಲಿ. ಡಿಡಿಆರ್3 ಮತ್ತು ಕಡಿಮೆ ವೋಲ್ಟೇಜಿನ ಡಿಡಿಆರ್3ಎಲ್ ನೋಡಲು ಒಂದೇ ಥರ. ಎಲ್ ಮಾತ್ರ ಒಪ್ಪುವ ಲ್ಯಾಪ್‌ಟಾಪ್‌ಗೆ ಇನ್ನೊಂದನ್ನು ಹಾಕಿದರೆ ಸ್ಕ್ರೀನೇ ಬರಲಿಕ್ಕಿಲ್ಲ.

ಡೆಸ್ಕ್‌ಟಾಪ್ ಆದರೆ ಇನ್ನೊಂದು ಸಣ್ಣ ಕೆಲಸ. ಆನ್ ಮಾಡಿದಾಗಲೆಲ್ಲ ತಾರೀಕು ತಪ್ಪು ತೋರಿಸುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ಮುಗಿದಿದೆ ಅಂತ ಅರ್ಥ. ತಾರೀಕು ತಪ್ಪಿದ್ದರೆ ಬ್ಯಾಂಕ್ ಸೈಟುಗಳು 'ಈ ಸಂಪರ್ಕ ಸುರಕ್ಷಿತವಲ್ಲ' ಅಂತ ಗಲಾಟೆ ಮಾಡುತ್ತವೆ, ಜನ ಹೊಸ ಒಎಸ್‌ನ್ನು ಬೈಯುತ್ತಾರೆ. ಸೆಲ್ ಬದಲಿಸಿದರೆ ಮುಗಿಯಿತು.

ಯಾವುದನ್ನು ಆರಿಸುವುದು

ಲಿನಕ್ಸ್‌ನಲ್ಲಿ ನೂರಾರು ಡಿಸ್ಟ್ರೊಗಳಿವೆ, ಅಂದರೆ ಬೇರೆ ಬೇರೆಯವರು ಸಿದ್ಧಪಡಿಸಿದ ರೂಪಗಳು. ಎಲ್ಲವನ್ನೂ ಹೋಲಿಸುತ್ತಾ ಕೂತರೆ ತಿಂಗಳು ಕಳೆದರೂ ಕಂಪ್ಯೂಟರ್ ಅಲ್ಲೇ ಧೂಳು ತಿನ್ನುತ್ತಿರುತ್ತದೆ. ನಾಲ್ಕು ಹೆಸರು ಗೊತ್ತಿದ್ದರೆ ಸಾಕು.

ಲಿನಕ್ಸ್ ಮಿಂಟ್ 2006ರಿಂದ ಬರುತ್ತಿದೆ, ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ ಮೇಲೆ ಕಟ್ಟಿದ್ದು. ಅದರ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಕೆಳಗೆ ಪಟ್ಟಿ, ಎಡಗಡೆ ಮೆನು, ಬಲಗಡೆ ಗಡಿಯಾರ, ಹೀಗೆ ವಿಂಡೋಸ್ 7 ನೋಡಿದವರಿಗೆ ಹೊಸದು ಅನ್ನಿಸುವುದೇ ಇಲ್ಲ. ಫೈರ್‌ಫಾಕ್ಸ್ ಮತ್ತು ಲಿಬ್ರೆ ಆಫೀಸ್ ಜೊತೆಗೇ ಬರುತ್ತವೆ. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಮೂರು ರೂಪಗಳಿವೆ. ಸಿನಮನ್ ಚಂದ, ಎಕ್ಸ್‌ಎಫ್‌ಸಿಇ ಹಗುರ. 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಎರಡೂ ಇದ್ದರೆ ಸಿನಮನ್ ಹಾಕಿಕೊಳ್ಳಿ, ಇಲ್ಲದಿದ್ದರೆ ಎಕ್ಸ್‌ಎಫ್‌ಸಿಇ. ಮಾಟೆ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ.

2 ಜಿಬಿ ರ್‍ಯಾಮ್‌ನಲ್ಲೇ ನಡೆಸಬೇಕಾದವರಿಗೆ ಲುಬುಂಟು. ಎಲ್‌ಎಕ್ಸ್‌ಕ್ಯೂಟಿ ಅನ್ನುವ ಇನ್ನೂ ಹಗುರವಾದ ಡೆಸ್ಕ್‌ಟಾಪ್ (ಪರದೆಯ ಮೇಲೆ ಕಾಣುವ ಮೆನು, ಪಟ್ಟಿಗಳ ವ್ಯವಸ್ಥೆ) ಅದರಲ್ಲಿದೆ. ಒಂದು ಕೊರತೆ ಎಂದರೆ ಅದರ ದೀರ್ಘಾವಧಿ ಆವೃತ್ತಿಗಳಿಗೂ ಬೆಂಬಲ ಮೂರೇ ವರ್ಷ.

ನಿಜವಾದ 32 ಬಿಟ್ ಮೆಷಿನ್‌ಗೆ ಉಳಿದಿರುವ ದಾರಿ ಕಿರಿದಾಗಿದೆ. ಡೆಬಿಯನ್ 2025ರಲ್ಲಿ ಬಿಟ್ಟ 13ನೇ ಆವೃತ್ತಿಗೆ 32 ಬಿಟ್ ಇನ್‌ಸ್ಟಾಲರ್ ಕೊಡಲಿಲ್ಲ. ಗೂಗಲ್ ಕ್ರೋಮ್ 32 ಬಿಟ್ ಲಿನಕ್ಸನ್ನು 2016ರಲ್ಲೇ ಕೈಬಿಟ್ಟಿತ್ತು. ಆಂಟಿಎಕ್ಸ್ ಎಂಬ ಪುಟ್ಟ ಡಿಸ್ಟ್ರೊದ 23ನೇ ಆವೃತ್ತಿ ಅಂಥ ಮೆಷಿನ್‌ನಲ್ಲಿ ಓಡುತ್ತದೆ. ಹಾಡು ಕೇಳಲು, ಟೈಪ್ ಮಾಡಲು ಅಡ್ಡಿಯಿಲ್ಲ. ಬ್ಯಾಂಕ್ ವ್ಯವಹಾರ ಮಾತ್ರ ಅದರಲ್ಲಿ ಬೇಡ.

ನಾಲ್ಕನೆಯದು ಗೂಗಲ್‌ನ ಕ್ರೋಮ್‌ಒಎಸ್ ಫ್ಲೆಕ್ಸ್. 4 ಜಿಬಿ ರ್‍ಯಾಮ್, 16 ಜಿಬಿ ಜಾಗ ಇದ್ದರೆ ಸಾಕು. ತೆರೆದರೆ ಬ್ರೌಸರ್, ಅಷ್ಟೇ. ಕೆಡಿಸುವುದಕ್ಕೆ ಅದರಲ್ಲಿ ಏನೂ ಇಲ್ಲದ ಕಾರಣ, ದೂರದೂರಿನಲ್ಲಿ ಒಬ್ಬರೇ ಇರುವ ಅಪ್ಪ ಅಮ್ಮನ ಲ್ಯಾಪ್‌ಟಾಪ್‌ಗೆ ನಾನು ಇದನ್ನೂ ಸೂಚಿಸುತ್ತೇನೆ. ಆದರೆ ಪ್ಲೇ ಸ್ಟೋರ್ ಇರುವುದಿಲ್ಲ, ಇನ್‌ಸ್ಟಾಲ್ ಮಾಡಿದರೆ ಡಿಸ್ಕ್ ಪೂರ್ತಿ ಅಳಿಯುತ್ತದೆ, ವಿಂಡೋಸ್ ಪಕ್ಕದಲ್ಲಿ ಇಡಲು ಆಗುವುದಿಲ್ಲ. ಇಂಟರ್ನೆಟ್ ಆಗಾಗ ಕೈಕೊಡುವ ಊರಿಗಂತೂ ಇದು ಬೇಡವೇ ಬೇಡ.

ವಿಂಡೋಸ್ ಬಿಡುವ ಮುಂಚೆ: ನುಡಿ, ಬರಹದ ಫೈಲುಗಳು

ಫೋಟೊ, ವಿಡಿಯೊ ಬ್ಯಾಕಪ್ ಎಲ್ಲರಿಗೂ ನೆನಪಾಗುತ್ತದೆ. ಕನ್ನಡದವರಿಗೆ ಇನ್ನೊಂದು ಕೆಲಸ ಇದೆ. ಹತ್ತು ಹದಿನೈದು ವರ್ಷದ ಹಿಂದೆ ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕಡತಗಳು ಬಹುಪಾಲು ಯುನಿಕೋಡ್ (ಯಾವ ಕಂಪ್ಯೂಟರ್‌ನಲ್ಲೂ ಓದಲು ಬರುವ ಅಕ್ಷರ ವ್ಯವಸ್ಥೆ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಫಾಂಟ್‌ಗಳು ಅವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಅಪ್ಪನ ಆತ್ಮಕಥೆಯಾಗಲಿ, ಸಂಘದ ವರದಿಯಾಗಲಿ ಬರೀ ಚಿತ್ರವಿಚಿತ್ರ ಅಕ್ಷರಗಳಾಗಿ ಕಾಣುತ್ತದೆ.

ಆದ್ದರಿಂದ ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಇವನ್ನು ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಎರಡೂ ತಂತ್ರಾಂಶಗಳ ಜೊತೆ ಪರಿವರ್ತಕ ಇದೆ. ಬರಹದ ಸ್ವಂತ ರೂಪದ ಫೈಲುಗಳಿದ್ದರೆ ಇದು ಇನ್ನೂ ಮುಖ್ಯ, ಏಕೆಂದರೆ ಬರಹ ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ. ಬದಲಿಸಿದ ಮೇಲೆ ಒಂದೆರಡು ಪುಟ ಓದಿ ನೋಡಿ. ಅರ್ಕಾವತ್ತು ಮತ್ತು ಒತ್ತಕ್ಷರಗಳು ಕೆಲವೊಮ್ಮೆ ಅದಲುಬದಲಾಗಿರುತ್ತವೆ. ಮೂಲ ಫೈಲನ್ನೂ, ಆ ಫಾಂಟ್‌ಗಳನ್ನೂ ಅಳಿಸದೆ ಒಂದು ಕಡೆ ಇಟ್ಟುಕೊಳ್ಳಿ.

ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಈಗಲೇ ಬರೆದುಕೊಳ್ಳಿ. ಇದನ್ನು ಮರೆತು ಆಮೇಲೆ ಪರದಾಡುವವರೇ ಜಾಸ್ತಿ.

ಪೆನ್ ಡ್ರೈವ್ ತಯಾರಿ

8 ಜಿಬಿ ಪೆನ್ ಡ್ರೈವ್ ಒಂದು ಬೇಕು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮಿಂಟ್‌ನ ಸ್ವಂತ ಜಾಲತಾಣ ಲಿನಕ್ಸ್‌ಮಿಂಟ್ ಡಾಟ್ ಕಾಮ್‌ನಿಂದಲೇ ಐಎಸ್‌ಒ ಫೈಲ್ (ಇಡೀ ಒಎಸ್ ಅಡಕವಾಗಿರುವ ಒಂದು ಫೈಲ್) ಇಳಿಸಿಕೊಳ್ಳಿ. ಸುಮಾರು 3 ಜಿಬಿ ಇರುತ್ತದೆ. ಯಾರೋ ಕಳಿಸಿದ ಲಿಂಕ್‌ನಿಂದ ಬೇಡ. ಫೈಲ್ ಸರಿಯಾಗಿ ಇಳಿದಿದೆಯೋ ನೋಡಲು ಜಾಲತಾಣದಲ್ಲಿ ಎಸ್‌ಎಚ್‌ಎ256 ಅಂತ ಒಂದು ಉದ್ದ ಸಾಲು ಕೊಟ್ಟಿರುತ್ತಾರೆ. ನಿಮ್ಮಲ್ಲಿ 7-ಜಿಪ್ ಇದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಅದೇ ಲೆಕ್ಕ ತೆಗೆಯುವ ಆಯ್ಕೆ ಸಿಗುತ್ತದೆ. ಎರಡೂ ಒಂದೇ ಇರಬೇಕು. ನೆಟ್ ನಡುವೆ ನಿಂತು ನಿಂತು ಇಳಿದ ಫೈಲ್ ಆದರೆ ಇದನ್ನು ಬಿಡಲೇಬೇಡಿ.

ಆಮೇಲೆ ಬಲೇನಾ ಎಚರ್ ಎಂಬ ಉಚಿತ ತಂತ್ರಾಂಶದಲ್ಲಿ ಐಎಸ್‌ಒ ಆರಿಸಿ, ಪೆನ್ ಡ್ರೈವ್ ಆರಿಸಿ, ಫ್ಲ್ಯಾಶ್ ಒತ್ತಿ. ಸುಮ್ಮನೆ ಫೈಲ್ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ, ಅಂದರೆ ಕಂಪ್ಯೂಟರ್ ಅದರಿಂದ ಶುರುವಾಗುವುದಿಲ್ಲ. ಲುಬುಂಟು, ಮಿಂಟ್ ಎರಡನ್ನೂ ನೋಡಿ ತೀರ್ಮಾನಿಸುತ್ತೇನೆ ಅನ್ನುವವರು ಎಚರ್ ಬದಲು ವೆಂಟಾಯ್ ಬಳಸಿ. ಅದನ್ನು ಒಮ್ಮೆ ಪೆನ್ ಡ್ರೈವ್‌ಗೆ ಹಾಕಿದರೆ ಎಷ್ಟು ಐಎಸ್‌ಒ ಬೇಕಾದರೂ ಕಾಪಿ ಮಾಡಿಟ್ಟು, ಬೂಟ್ ಆಗುವಾಗ ಬೇಕಾದ್ದನ್ನು ಆರಿಸಬಹುದು.

ಹಾಕುವ ಮುಂಚೆ ಓಡಿಸಿ ನೋಡಿ

ಪೆನ್ ಡ್ರೈವ್ ಚುಚ್ಚಿ ಕಂಪ್ಯೂಟರ್ ಆನ್ ಮಾಡಿ. ಆನ್ ಆದ ಕೂಡಲೇ ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್ ಕೀಯನ್ನು ಬಿಟ್ಟುಬಿಟ್ಟು ಒತ್ತುತ್ತಿರಿ. ಬೂಟ್ ಮೆನು ಬರುತ್ತದೆ. ಏಸರ್‌ನಲ್ಲೂ ಎಫ್12 ಆದರೂ, ಎಷ್ಟೋ ಮಾದರಿಗಳಲ್ಲಿ ಮೊದಲು ಬಯೋಸ್ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್ಸ್) ಒಳಗೆ ಹೋಗಿ ಅದನ್ನು ಎನೇಬಲ್ ಮಾಡಬೇಕು.

ಮಿಂಟ್ ಪೆನ್ ಡ್ರೈವ್‌ನಿಂದಲೇ ತೆರೆದುಕೊಳ್ಳುತ್ತದೆ. ನಿಮ್ಮ ಡಿಸ್ಕ್‌ನಲ್ಲಿ ಇನ್ನೂ ಏನೂ ಬದಲಾಗಿಲ್ಲ. ಇಲ್ಲಿ ಅರ್ಧ ಗಂಟೆ ಆರಾಮಾಗಿ ಕಳೆಯಿರಿ. ವೈಫೈ ಬರುತ್ತಿದೆಯೇ? ಯೂಟ್ಯೂಬ್‌ನಲ್ಲಿ ಶಬ್ದ ಇದೆಯೇ? ಕ್ಯಾಮೆರಾ, ಬ್ಲೂಟೂತ್, ಸ್ಕ್ರೀನ್ ಬೆಳಕು ಕಡಿಮೆ ಮಾಡುವ ಕೀ ನಡೆಯುತ್ತಿವೆಯೇ? ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಾಗುತ್ತದೆಯೇ? ಪ್ರಿಂಟರ್ ಕೂಡ ಇಲ್ಲೇ ಸಿಕ್ಕಿಸಿ ಒಂದು ಪುಟ ತೆಗೆಯಿರಿ. ಪೆನ್ ಡ್ರೈವ್‌ನಿಂದ ಓಡುವಾಗ ಸ್ವಲ್ಪ ನಿಧಾನ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ವೈಫೈ ಕಾಣಿಸದಿದ್ದರೆ ನಿಮ್ಮದು ಬ್ರಾಡ್‌ಕಾಮ್ ಚಿಪ್ ಇರುವ ಲ್ಯಾಪ್‌ಟಾಪ್ ಇರಬಹುದು. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ ನೆಟ್ ಕೊಡಿ. ಇನ್‌ಸ್ಟಾಲ್ ಆದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಅದೇ ಬೇಕಾದ ಡ್ರೈವರ್ ಹುಡುಕಿ ಕೊಡುತ್ತದೆ.

ಇನ್‌ಸ್ಟಾಲ್

ಡೆಸ್ಕ್‌ಟಾಪ್ ಮೇಲಿರುವ 'ಇನ್‌ಸ್ಟಾಲ್ ಲಿನಕ್ಸ್ ಮಿಂಟ್' ಒತ್ತಿ. ಭಾಷೆ, ಕೀಬೋರ್ಡ್ ಕೇಳುತ್ತದೆ. ಮಲ್ಟಿಮೀಡಿಯಾ ಕೋಡೆಕ್ ಬೇಕೇ ಅನ್ನುವಲ್ಲಿ ಟಿಕ್ ಹಾಕಿ, ಇಲ್ಲದಿದ್ದರೆ ಕೆಲವು ವಿಡಿಯೊ ಓಡುವುದಿಲ್ಲ. ಸೆಕ್ಯೂರ್ ಬೂಟ್ (ಬಯೋಸ್‌ನ ಒಂದು ಸುರಕ್ಷತಾ ಆಯ್ಕೆ) ಆನ್ ಇದ್ದರೆ ಅಲ್ಲೇ ಒಂದು ಪಾಸ್‌ವರ್ಡ್ ಕೇಳಬಹುದು. ಅದು ರೀಸ್ಟಾರ್ಟ್ ಆದ ಮೇಲೆ ಬರುವ ನೀಲಿ ಪರದೆಗೆ ಬೇಕು, ಬರೆದಿಟ್ಟುಕೊಳ್ಳಿ.

ಜೋಪಾನವಾಗಿರಬೇಕಾದ್ದು 'ಇನ್‌ಸ್ಟಾಲೇಶನ್ ಟೈಪ್' ಪುಟದಲ್ಲಿ. ಹೊಸ ಎಸ್‌ಎಸ್‌ಡಿ ಹಾಕಿದವರು 'ಇರೇಸ್ ಡಿಸ್ಕ್' ಆರಿಸಿದರೆ ಮುಗಿಯಿತು, ಅದರಲ್ಲಿ ಅಳಿಯುವುದಕ್ಕೆ ಏನೂ ಇಲ್ಲ. ಒಂದೇ ಡಿಸ್ಕ್‌ನಲ್ಲಿ ವಿಂಡೋಸ್ ಉಳಿಸಿಕೊಳ್ಳುವವರು 'ಅಲಾಂಗ್‌ಸೈಡ್' ಎನ್ನುವ ಆಯ್ಕೆ ತೆಗೆದುಕೊಳ್ಳಬೇಕು. ಅದಕ್ಕೂ ಮುಂಚೆ ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ಅದನ್ನೂ ತೆಗೆದಿರಬೇಕು. ಮಿಂಟ್ ಓಡುತ್ತಿರುವ ಪೆನ್ ಡ್ರೈವ್ ಒಂದನ್ನು ಬಿಟ್ಟು ಬೇರೆ ಹಾರ್ಡ್ ಡಿಸ್ಕ್, ಪೆನ್ ಡ್ರೈವ್ ಏನಾದರೂ ಚುಚ್ಚಿದ್ದರೆ ಈಗಲೇ ತೆಗೆದುಬಿಡಿ. ತಪ್ಪು ಡಿಸ್ಕ್ ಅಳಿಸುವ ಪ್ರಶ್ನೆಯೇ ಬರುವುದಿಲ್ಲ.

ಹಳೆ ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತಿರುತ್ತದೆ, ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರುವುದಿಲ್ಲ. ಕರೆಂಟ್ ಹೋಗದ ಹೊತ್ತು ನೋಡಿಕೊಂಡು ಶುರು ಮಾಡಿ. ನಡುವೆ ನಿಂತರೆ ಮೆಷಿನ್‌ಗೆ ಏನೂ ಆಗುವುದಿಲ್ಲ, ಆದರೆ ಮೊದಲಿಂದ ಮಾಡಬೇಕು. ಒಂದೇ ಡಿಸ್ಕ್‌ನಲ್ಲಿ ಜಾಗ ಪಾಲು ಮಾಡುತ್ತಿರುವಾಗ ನಿಂತರೆ ಮಾತ್ರ ವಿಂಡೋಸ್ ಕಡೆಯ ಫೈಲುಗಳಿಗೂ ಅಪಾಯ.

ಮೊದಲ ದಿನದ ಕೆಲಸ

ಅಪ್‌ಡೇಟ್ ಮ್ಯಾನೇಜರ್ ತೆರೆದು ಎಲ್ಲ ಅಪ್‌ಡೇಟ್ ಹಾಕಿ. ಆಮೇಲೆ ಟೈಮ್‌ಶಿಫ್ಟ್ ತೆರೆದು ವಾರಕ್ಕೊಂದು ಸ್ನ್ಯಾಪ್‌ಶಾಟ್ ಇಡಲು ಹೇಳಿ. ಯಾವುದೋ ಅಪ್‌ಡೇಟ್ ಎಡವಟ್ಟಾದರೆ ಹಿಂದಿನ ವಾರದ ಸ್ಥಿತಿಗೆ ಮರಳಬಹುದು. ಆದರೆ ಇದು ಒಎಸ್‌ನ ಬ್ಯಾಕಪ್, ನಿಮ್ಮ ಫೋಟೊಗಳದ್ದಲ್ಲ.

ಈಗ ಕನ್ನಡ ಟೈಪಿಂಗ್. ಓದುವುದಕ್ಕೆ ಏನೂ ಮಾಡಬೇಕಿಲ್ಲ. ಬೇರೆ ಫಾಂಟ್ ಬೇಕೆನಿಸಿದರೆ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಲೋಹಿತ್, ಗುಬ್ಬಿ, ನವಿಲು ಸಿಗುತ್ತವೆ. ಟೈಪ್ ಮಾಡಲು ಎಕ್ಸ್‌ಎಫ್‌ಸಿಇಯ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್‌ಗೆ ಹೋಗಿ, ಲೇಔಟ್ ಪುಟದಲ್ಲಿ 'ಯೂಸ್ ಸಿಸ್ಟಮ್ ಡಿಫಾಲ್ಟ್ಸ್' ಅನ್ನುವ ಟಿಕ್ ತೆಗೆಯಿರಿ. ಆಡ್ ಒತ್ತಿ ಇಂಡಿಯನ್ ಎಂಬುದರ ಕೆಳಗೆ ನೋಡಿದರೆ ಕನ್ನಡದ್ದು ಎರಡು ಕಾಣುತ್ತವೆ. ಬರೀ 'ಕನ್ನಡ' ಅಂತ ಇರುವುದು ಇನ್‌ಸ್ಕ್ರಿಪ್ಟ್ ಎಂಬ ಕೀ ಜೋಡಣೆ. 'ಕಗಪ, ಫೊನೆಟಿಕ್' ಅಂತ ಇರುವುದು ಕನ್ನಡ ಗಣಕ ಪರಿಷತ್ತಿನ ವಿನ್ಯಾಸ. ನುಡಿಯಲ್ಲಿ ಕೈ ಪಳಗಿದವರು ಇದನ್ನೇ ತೆಗೆದುಕೊಳ್ಳಿ. ಎರಡು ಭಾಷೆಯ ನಡುವೆ ಬದಲಿಸುವ ಕೀ ಯಾವುದು ಅಂತಲೂ ಅದೇ ಪುಟದಲ್ಲಿ ಗೊತ್ತುಮಾಡಬಹುದು.

ಬರಹದ ಥರ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಪಡೆಯುವ ಅಭ್ಯಾಸ ಇದ್ದವರು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್‌ನ ಎಂ17ಎನ್ (ibus-m17n) ಎಂಬ ಟೈಪಿಂಗ್ ತಂತ್ರಾಂಶ ಹಾಕಿಕೊಂಡು ಅದರಲ್ಲಿ ಐಟ್ರಾನ್ಸ್ ಆರಿಸಿ. ಹೆಚ್ಚುಕಡಿಮೆ ಅದೇ ರೀತಿ, ಕೆಲವು ಅಕ್ಷರ ಮಾತ್ರ ಬೇರೆ. ಬದಲಿಸದೆ ಉಳಿದ ಹಳೆ ನುಡಿ ಕಡತಗಳಿದ್ದರೆ ಎತ್ತಿಟ್ಟ ಫಾಂಟ್‌ಗಳನ್ನು ಹೋಮ್ ಫೋಲ್ಡರ್‌ನಲ್ಲಿ, ಚುಕ್ಕೆಯಿಂದ ಶುರುವಾಗುವ '.fonts' ಎಂಬ ಫೋಲ್ಡರ್ ಮಾಡಿ ಅದರೊಳಗೆ ಹಾಕಿ. ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಓದಲು ಬರುತ್ತದೆ.

ಕಂಪ್ಯೂಟರ್ ಬಳಸುವವರು ಮನೆಯ ಹಿರಿಯರಾದರೆ ಇನ್ನೆರಡು ಮಾಡಿ. ಸೆಟ್ಟಿಂಗ್ಸ್‌ನ ಅಪಿಯರೆನ್ಸ್‌ನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿ. ಅಪ್‌ಡೇಟ್ ಮ್ಯಾನೇಜರ್‌ನ ಪ್ರಿಫರೆನ್ಸಸ್‌ನಲ್ಲಿ ಆಟೊಮೇಶನ್ ಆನ್ ಮಾಡಿ, ಅವರು ಏನೂ ಒತ್ತದೆಯೇ ಅಪ್‌ಡೇಟ್ ಆಗುತ್ತಿರುತ್ತದೆ. ಬಿಚ್ಚಿಟ್ಟ ಹಳೆ ಹಾರ್ಡ್ ಡಿಸ್ಕನ್ನು ಕನಿಷ್ಠ ಆರು ತಿಂಗಳು ಯಾರಿಗೂ ಕೊಡಬೇಡಿ, ಅಳಿಸಲೂ ಬೇಡಿ. ಯಾವ ಫೈಲ್ ಮರೆತಿದ್ದೀರಿ ಅನ್ನುವುದು ಆದಾಯ ತೆರಿಗೆ ಹೊತ್ತಿಗೋ ಮಕ್ಕಳ ಅಡ್ಮಿಶನ್ ಹೊತ್ತಿಗೋ ಗೊತ್ತಾಗುತ್ತದೆ.